ಕರೆಂಟ್ ಹೋದರೂ ನಿಲ್ಲದ ಮಗ್ಗ

೧೯೭೩ನೇ ಇಸವಿ. ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದ ನಾನು ಮದುವೆಯಾಗಿ ದೊಡ್ಡಬಳ್ಳಾಪುರಕ್ಕೆ ಬಂದು ವರ್ಷ ತುಂಬಿರಲಿಲ್ಲ. ಮನೆಯ ಹಿಂದೆಯೇ ನಮ್ಮ ಪವರ್‌ಲೂಮ್‌ಗಳು. ಬೆಳಗಾದರೆ ಟಕಟಕ ಶುರು. ಊಟಕ್ಕೆ ಕರೆಯಬೇಕೆಂದರೂ ಕೂಗಬೇಕು. ಲೇಡಿಲೈಕ್ ಆಗಿ ಮೆಲ್ಲಗೆ ಮಾತಾಡಿ ಎಂದು ಸಿಸ್ಟರ್ಸ್ ಕಲಿಸಿದ್ದೆಲ್ಲ ಅಲ್ಲಿ ವೇಸ್ಟ್.

ಒಂದು ದಿನ ದೋಸೆ ಹುಯ್ಯುತ್ತಿದ್ದಾಗ ಇಡೀ ಅಡುಗೆಮನೆ ಬುಗುರಿಯಂತೆ ತಿರುಗಿತು. ನೆಲ ಹಿಡಿದು ಕೂತೆ, ವಾಂತಿಯಾಯಿತು. ಅತ್ತೆ ಖುಷಿಯಿಂದ ಹುಣಸೆಕಾಯಿ ತರಿಸಿದರು. ಬಸಿರಲ್ಲ ಎಂದು ಗೊತ್ತಾದ ಮೇಲೂ ತಲೆಸುತ್ತು ನಿಲ್ಲಲಿಲ್ಲ. ಒಮ್ಮೆ ನೆಂಟರ ಎದುರೇ ಬಿದ್ದೆ. ಅಂದು ಮಾವ ನನ್ನ ಯಜಮಾನರಿಗೆ ಮಗ್ಗದ ಸದ್ದು ಮೀರಿ ಕೂಗಿ ಹೇಳಿದ್ದು ಬೀದಿಗೆಲ್ಲ ಕೇಳಿಸಿತು: "ಫಿಟ್ಸ್ ಕಾಯ್ಲೆ ಮುಚ್ಚಿಟ್ಟು ಮದುವೆ ಮಾಡವ್ರೆ ಕಣೋ. ಸೋಮವಾರ ತವರಿಗೆ ಬಿಟ್ಟು ಬಂದ್ಬಿಡು."

ಭಾನುವಾರ ಮಧ್ಯಾಹ್ನ ಕರೆಂಟ್ ಹೋಯಿತು. ಅತ್ತೆ ನನ್ನ ಪಕ್ಕ ಬಂದು ಕೂತರು. "ಉಸ್ಸಪ್ಪಾ, ಕಿವಿಗೆ ಎಷ್ಟು ಹಾಯಾಗೈತೆ ನೋಡು."

"ಒಂದು ಮಗ್ಗ ಇನ್ನೂ ಓಡ್ತಾ ಇದೆಯಲ್ಲ ಅತ್ತೆ" ಅಂದೆ.

"ಕರೆಂಟಿಲ್ದೆ ಯಾವ ಮಗ್ಗ ಓಡ್ತದೆ, ಹುಚ್ಚುಡುಗಿ!" ಎಂದು ನಕ್ಕವರು ತಟ್ಟನೆ ನನ್ನ ಕಡೆ ತಿರುಗಿದರು. "ಯಾವ ಕಡೆ ಕೇಳ್ತದೆ?"

ಎಡಗಿವಿ ತೋರಿಸಿದೆ.

"ಹಂಗಾದ್ರೆ ಈ ತಲೆಸುತ್ತೂ ಕಿವೀದೇ ಏನೋ ತೊಂದ್ರೆ ಕಣವ್ವ."

ಸೋಮವಾರ ಬಸ್ಸು ಹತ್ತಿದೆ. ತವರಿಗಲ್ಲ. ಅತ್ತೆ ನನ್ನ ಕೈ ಹಿಡಿದು ಬೆಂಗಳೂರಿನ ಕಿವಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರು. ನಾನು ತಲೆಸುತ್ತಿನ ಬಗ್ಗೆ ಇಂಗ್ಲಿಷಿನಲ್ಲಿ "ಗಿಡಿನೆಸ್, ಡಾಕ್ಟರ್" ಎಂದು ಶುರು ಮಾಡುವಷ್ಟರಲ್ಲಿ ಅತ್ತೆ, "ಕರೆಂಟ್ ಹೋದ್ರೂ ಇವ್ಳ ಕಿವೀಲಿ ಮಗ್ಗ ನಿಲ್ಲಲ್ಲ ಸ್ವಾಮಿ" ಅಂದುಬಿಟ್ಟರು. ಡಾಕ್ಟರ್ ಅವರ ಕಡೆಗೇ ತಿರುಗಿ ಕೂತರು. ಟ್ಯೂನಿಂಗ್ ಫೋರ್ಕ್ ಎಂಬ ಲೋಹದ ಕವಲುಕಡ್ಡಿ ತಟ್ಟಿ, ಅದರ ಝೇಂಕಾರವನ್ನು ಕಿವಿಗಳ ಬಳಿ ಹಿಡಿದರು. ಎಡಗಡೆ ಮಂದವಾಗಿ ಕೇಳಿಸಿತು. ಕಿವಿಯೊಳಗೆ ತಣ್ಣೀರು ಬಿಟ್ಟು, ನನ್ನ ಕಣ್ಣುಗುಡ್ಡೆಗಳು ಹೇಗೆ ಅದುರುತ್ತವೆಂದು ನೋಡಿದರು. ಕೊನೆಗೆ, "ಫಿಟ್ಸ್ ಅಲ್ಲಮ್ಮ. ಒಳಗಿವೀಲಿ ನೀರು ಹೆಚ್ಚಾಗಿ ಬ್ಯಾಲೆನ್ಸ್ ತಪ್ತಿದೆ. ಮಾತ್ರೆ ಕೊಡ್ತೀನಿ, ಉಪ್ಪು ಮಾತ್ರ ತುಂಬಾ ಕಡಿಮೆ ಮಾಡ್ಬೇಕು" ಅಂದರು.

ಊರಿಗೆ ಬಂದವರೇ ಅತ್ತೆ ನೇರ ಮಗ್ಗದ ಮನೆಗೆ ಹೋಗಿ ಮಾವನಿಗೆ ಕೂಗಿ ಹೇಳಿದರು: "ಫಿಟ್ಸೂ ಇಲ್ಲ, ಗಿಟ್ಸೂ ಇಲ್ಲ! ಕಿವಿ ಕಾಯ್ಲೆ! ನನ್ ಸೊಸೆ ಎಲ್ಗೂ ಹೋಗಲ್ಲ!" ಬೀದಿಗೂ ಕೇಳಿಸಲಿ ಎಂದೇ ಇರಬೇಕು.

ಅಂದಿನಿಂದ ಉಪ್ಪು ಹಾಕುವ ಮೊದಲೇ ಸಾರನ್ನು ಎರಡು ಬಟ್ಟಲಿಗೆ ತೆಗೆದಿಡುತ್ತಿದ್ದರು, ನನಗೊಂದು, ತಮಗೊಂದು. "ನಿಮಗ್ಯಾಕೆ ಅತ್ತೆ?" ಎಂದರೆ, "ಒಬ್ಳೇ ಸಪ್ಪೆ ಉಣ್ಣಕ್ಕೆ ಹೆಂಗ್ ಸೇರ್ತದೆ ಮಗಾ" ಎನ್ನುತ್ತಿದ್ದರು. ಸುತ್ತು ನಿಧಾನವಾಗಿ ದೂರವಾಯಿತು. ಎಡಗಿವಿ ಮಾತ್ರ ಮಂದವಾಗಿಯೇ ಉಳಿಯಿತು.

ಅತ್ತೆ ಈಗಿಲ್ಲ, ನಮ್ಮ ಮಗ್ಗಗಳೂ ಇಲ್ಲ. ಆದರೆ ಕರೆಂಟ್ ಹೋಗಿ ಮನೆಯೆಲ್ಲ ಸೈಲೆಂಟ್ ಆದಾಗ ಎಡಗಿವಿಯಲ್ಲಿ ಇವತ್ತಿಗೂ ಒಂದು ಮಗ್ಗ ಸಣ್ಣಗೆ ಓಡುತ್ತದೆ. ಅದು ನಿಲ್ಲಲಿ ಎಂದು ನನಗೆ ಅನ್ನಿಸುವುದಿಲ್ಲ. ಅತ್ತೆ ಪಕ್ಕದಲ್ಲಿ ಬಂದು ಕೂತಂತಾಗುತ್ತದೆ.