ನಾನು ಅಳಿಸಿದ ಮಿಂಚು

ಬೀರಮ್ಮನಿಗೆ ಫಿಟ್ಸ್ ಬಂದದ್ದು ನನ್ನಿಂದ. ಅದು ಗೊತ್ತಿದ್ದೂ, ಡಾಕ್ಟರು ಕೇಳಿದಾಗ, ಅವಳ ತಾಯಿಯ ಎದುರಿಗೇ ಸುಳ್ಳು ಹೇಳಿದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ — ಬರೆಯುತ್ತ ಹೋದಂತೆ ನನ್ನ ಪರವಾಗಿ ಒಂದು ಮಾತು ಎಲ್ಲಿ ನುಸುಳಿಬಿಡುತ್ತದೋ, ನನಗೇ ನಂಬಿಕೆಯಿಲ್ಲ.

ಎಂಬತ್ತರ ದಶಕದ ಕೊನೆಯ ವರ್ಷಗಳು. ರಾಯಚೂರಿನ ಒಂದು ಹೈಸ್ಕೂಲಿನಲ್ಲಿ ನಾನು ಗಣಿತದ ಮಾಸ್ತರ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಆ ವರ್ಷ ಶಾಲೆಗೆ ಒಂದು ಕಂಪ್ಯೂಟರ್ ಬಂತು. ದಪ್ಪನೆಯ ಟೈಪ್‌ರೈಟರಿನಂಥ ಪೆಟ್ಟಿಗೆ, ಚಿತ್ರಕ್ಕೆ ಒಂದು ಪುಟ್ಟ ಟಿವಿ, ಪ್ರೋಗ್ರಾಂ ಉಳಿಸಿಡಲು ಹಾಡು ಕೇಳುವಂಥದೇ ಟೇಪ್ ರೆಕಾರ್ಡರ್. ಉಳಿದ ಮಾಸ್ತರುಗಳು ಅದನ್ನು ಮುಟ್ಟಲು ಅಂಜಿದರು. ನಾನು ಅಂಜಲಿಲ್ಲ. ಶಾಲೆ ಬಿಟ್ಟ ಮೇಲೂ ಅದರ ಮುಂದೆಯೇ ಕೂತಿರುತ್ತಿದ್ದೆ.

ಬೀರಮ್ಮ ಒಂಬತ್ತನೆಯ ತರಗತಿಯ ಹುಡುಗಿ, ದೇವದುರ್ಗದ ಕಡೆಯ ಅರಕೇರಾದವಳು. ಮನೆಯವರು ಕುರಿ ಕಾಯುವವರು. ರಾಯಚೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಒಂದು ದಿನ ಬಾಗಿಲಲ್ಲಿ ನಿಂತು ಕೇಳಿದಳು:

"ಸರ್, ಇದರಾಗ ಕುರಿ ಮಾಡಾಕ ಬರ್ತದೇನ್ರಿ?"

ನಾನು ಚೌಕಳಿ ಹಾಳೆಯ ಮೇಲೆ ಚೌಕಗಳನ್ನು ತುಂಬಿ, ಅದನ್ನು ಅಂಕಿಗಳಾಗಿ ಬರೆದು, ತೆರೆಯ ಮೇಲೆ ಒಂದು ಕುರಿ ತಂದು ತೋರಿಸಿದೆ. ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ಇದು ಸುತ್ತಿಟ್ಟ ಕಂಬಳಿ ಆಗ್ಯಾದ್ರಿ ಸರ್. ಕುರಿ ಓಡೋವಾಗ ತಲಿ ತಗ್ಗಿಸ್ತದ." ಹಾಳೆ ಎಳೆದುಕೊಂಡು ತಾನೇ ಬರೆದಳು. ಅವಳು ಬರೆದ ಕುರಿ ಓಡಿತು.

ಹೀಗೆ ನಮ್ಮ ಆಟ ಹುಟ್ಟಿತು. ಕುರಿಗಳನ್ನು ದೊಡ್ಡಿಗೆ ಸೇರಿಸಬೇಕು, ತೋಳ ಬರುವುದರೊಳಗೆ. ಚಿತ್ರ ಅವಳದು, ಲೆಕ್ಕ ನನ್ನದು. ನಾನು ಯಂತ್ರದ ಸ್ವಂತ ಭಾಷೆಯಲ್ಲಿ, ಬರೀ ಅಂಕಿಗಳಲ್ಲಿ, ಪ್ರೋಗ್ರಾಂ ಬರೆಯಲು ಕಲಿತೆ — ಸುಲಭದ ಭಾಷೆಯಲ್ಲಿ ಬರೆದರೆ ಕುರಿಗಳು ಕಾಲು ಮುರಿದವರಂತೆ ತೆವಳುತ್ತಿದ್ದವು.

ಆದರೆ ವೇಗ ಬಂದಂತೆ ಇನ್ನೊಂದು ದೋಷ ಬಂತು. ಅದನ್ನು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಆ ಕಾಲದ ಟಿವಿ ಚಿತ್ರವನ್ನು ಒಮ್ಮೆಲೇ ತೋರಿಸುತ್ತಿರಲಿಲ್ಲ. ಗೆರೆಯ ಮೇಲೆ ಗೆರೆ ಎಳೆಯುತ್ತ ಮೇಲಿನಿಂದ ಕೆಳಗೆ ಬಂದು, ಮತ್ತೆ ಮೇಲೆ ಹೋಗುತ್ತಿತ್ತು — ಸೆಕೆಂಡಿಗೆ ಐವತ್ತು ಸಲ. ಅದು ಕೆಳಗಿಂದ ಮೇಲಕ್ಕೆ ಹೋಗುವ ಆ ಚೂರು ಬಿಡುವಿನಲ್ಲೇ ಹಳೆಯ ಕುರಿಯನ್ನು ಅಳಿಸಿ ಹೊಸದನ್ನು ಬರೆಯಬೇಕು. ತಪ್ಪಿದರೆ ಅರ್ಧ ಅಳಿದ ಕುರಿಯೇ ಕಣ್ಣಿಗೆ ಬಿದ್ದು ಚಿತ್ರ ಮಿಟುಕುತ್ತದೆ. ಒಂದೆರಡು ಕುರಿಗಳಿಗೆ ಬಿಡುವು ಸಾಕಾಗುತ್ತಿತ್ತು. ಹಿಂಡಿಗೆ ಸಾಲುತ್ತಿರಲಿಲ್ಲ. ಮುಂದಿನ ಬಿಡುವಿಗೆ ಕಾದರೆ ಆಟ ನಿಧಾನ, ಕಾಯದಿದ್ದರೆ ಮಿಟುಕು.

ಆಗಲೇ ಜಿಲ್ಲೆಯ ವಿಜ್ಞಾನ ಪ್ರದರ್ಶನ ನಮ್ಮ ಶಾಲೆಯಲ್ಲೇ ಎಂದು ಗೊತ್ತಾದದ್ದು. ಹೆಡ್ ಮಾಸ್ತರರು ಆಟ ನೋಡಿ ಹೇಳಿದರು: "ಇಲಾಖೆ ದೊಡ್ಡ ಸಾಹೇಬ್ರು ಬರೋರದಾರ. ಇದು ಎತ್ತಿನ ಬಂಡಿಯಂಗ ಹೊಂಟದಲ್ರಿ. ಓಡಬೇಕು, ಮಂದಿ ಬಾಯಿ ಮ್ಯಾಲ ಬೆರಳ ಇಡಬೇಕು. ನಿಮ್ಮ ಕಾಯಂ ಮಾತು ಅವರ ಮುಂದ ಎತ್ತೋದು ನನ್ನ ಜವಾಬ್ದಾರಿ."

ನಾನು ಬಿಡುವಿಗೆ ಕಾಯುವುದನ್ನು ಪ್ರೋಗ್ರಾಂನಿಂದ ತೆಗೆದುಹಾಕಿದೆ. ಕುರಿಗಳು ಹಾರಿದವು, ಜೊತೆಗೆ ಮಿಟುಕೂ ಬಂತು. ತೋಳ ನುಗ್ಗಿ ಹಿಂಡು ಚದುರುವಾಗಲಂತೂ ಚಿತ್ರ ಚಿಂದಿಯಾಗುತ್ತಿತ್ತು. ಆ ದೋಷ ಮುಚ್ಚಲು ನನಗೊಂದು ಉಪಾಯ ಹೊಳೆಯಿತು — ಹೊಳೆದಾಗ ಎಷ್ಟು ಹಿಗ್ಗಿದ್ದೆ! ಆ ಯಂತ್ರದಲ್ಲಿ ಯಾವ ಅಂಕಿಗೆ ಯಾವ ಬಣ್ಣ ಎಂಬುದು ಒಂದು ಚಿಪ್‌ನೊಳಗೆ ಬೇರೆಯಾಗಿ ಇರುತ್ತಿತ್ತು. ಅದನ್ನು ಬದಲಿಸಿದರೆ ಒಂದು ಚುಕ್ಕೆಯನ್ನೂ ಮತ್ತೆ ಬರೆಯದೆ ಇಡೀ ತೆರೆ ಬಣ್ಣ ಬದಲಿಸುತ್ತದೆ. ತೋಳ ಬಂದೊಡನೆ ಆಕಾಶ ಕೆಂಪು, ಬಿಳಿ, ಕೆಂಪು, ಬಿಳಿ — ಸೆಕೆಂಡಿಗೆ ಹತ್ತಾರು ಸಲ. ಮಿಂಚು. ಅದರ ಹೊಡೆತದಲ್ಲಿ ಕುರಿಗಳ ಮಿಟುಕು ಯಾರ ಕಣ್ಣಿಗೂ ಬೀಳಲಿಲ್ಲ.

ಬೀರಮ್ಮ ಎರಡು ದಿನ ಆಡಿ ನೋಡಿದಳು. ಮೂರನೆಯ ದಿನ ಮುಖ ಪಕ್ಕಕ್ಕೆ ತಿರುಗಿಸಿಕೊಂಡು, ಒಂದು ಕಣ್ಣು ಮುಚ್ಚಿ ಆಡುತ್ತಿದ್ದಳು.

"ಸರ್, ಈ ಮಿಂಚು ತಗೀರಿ. ತಲಿಯೊಳಗ ಏನೋ ಹೊಕ್ಕಂಗ ಆಗ್ತದ. ನಿನ್ನಿ ನನ್ನ ಕೈ ತಾನೇ ಜಿಗೀತ್ರಿ."

ಕೈ ತಾನೇ ಜಿಗಿಯಿತು — ಈ ಮಾತು ನನಗೆ ಸರಿಯಾಗಿ ಕೇಳಿಸಿತ್ತು. ಒಂದು ಅಂಕಿ ಬದಲಿಸಿದ್ದರೆ ಮಿಂಚು ನಿಧಾನವಾಗುತ್ತಿತ್ತು. ಅಷ್ಟೇ ಕೆಲಸ. ನಾನು ಅಂದೆ: "ಪ್ರದರ್ಶನ ಮುಗಿಯೋತನ ತಡಿಯವ್ವಾ. ಆಮ್ಯಾಲ ತಗೀತೀನಿ."

ಪ್ರದರ್ಶನದ ದಿನ ಕೋಣೆಯ ಕಿಟಕಿಗಳಿಗೆ ಕರಿ ಬಟ್ಟೆ ಕಟ್ಟಿದೆವು, ಬಣ್ಣ ಎದ್ದು ಕಾಣಲೆಂದು. ಯಾರದೋ ಮನೆಯಿಂದ ದೊಡ್ಡ ಕಲರ್ ಟಿವಿ ತಂದಿದ್ದೆವು. ವೈರು ಗಿಡ್ಡ, ಬೀರಮ್ಮ ತೆರೆಗೆ ಮುಖ ತಾಗುವಷ್ಟು ಹತ್ತಿರ ಕೂತಿದ್ದಳು. ಸಾಹೇಬರು, ಹೆಡ್ ಮಾಸ್ತರರು, ಬಾಗಿಲ ತನಕ ಮಂದಿ. ಕುರಿಗಳು ಓಡಿದವು. ಮಂದಿ "ವ್ಹಾ" ಅಂದರು. ತೋಳ ಬಂತು. ಗೋಡೆಗಳು, ಮುಖಗಳು, ಸಾಹೇಬರ ಬಿಳಿ ಅಂಗಿ, ಎಲ್ಲ ಕೆಂಪು ಬಿಳಿ, ಕೆಂಪು ಬಿಳಿ. ಬೀರಮ್ಮನ ತಲೆ ಒಂದು ಕಡೆಗೆ ಎಳೆದುಕೊಂಡಿತು. ಕುರ್ಚಿಯಿಂದ ಬಿದ್ದಳು. ಕೈಕಾಲು ನೆಲಕ್ಕೆ ಬಡಿಯುತ್ತಿದ್ದವು. ಯಾರೋ "ಕಬ್ಬಿಣ ಕೊಡ್ರಿ, ಕಬ್ಬಿಣ!" ಎಂದು ಕೂಗಿ ಕೀಲಿಕೈ ಗೊಂಚಲನ್ನು ಅವಳ ಮುಷ್ಟಿಗೆ ತುರುಕಿದರು. ಅವಳ ಲಂಗ ಒದ್ದೆಯಾಯಿತು — ಅಷ್ಟು ಗಂಡಸರ ನಡುವೆ. ಮೇಲೆ ಮಿಂಚು ಹೊಡೆಯುತ್ತಲೇ ಇತ್ತು. ಅದನ್ನು ಆರಿಸುವ ನೆನಪೂ ನನಗೆ ಆಗಲಿಲ್ಲ.

ಅವಳನ್ನು ಆಸ್ಪತ್ರೆಗೆ ಹೊತ್ತೊಯ್ದರು. ನಾನು ಹಿಂದೆ ಉಳಿದೆ. ಹಿಂದೆ ಉಳಿದು ಮಾಡಿದ್ದೇನು — ಮಿಂಚಿನ ಅಂಕಿಗಳನ್ನು ತೆಗೆದು, ಕಾಯುವುದನ್ನು ಮತ್ತೆ ಸೇರಿಸಿ, ಅದೇ ಟೇಪಿನ ಮೇಲೆ ಮತ್ತೆ ತುಂಬಿದೆ. ಹಳೆಯದು ಅಳಿಯಿತು. ಆಮೇಲೆ ಆಸ್ಪತ್ರೆಗೆ ಹೋದೆ.

ಸಂಜೆಗೆ ಅರಕೇರಾದಿಂದ ಅವಳ ತಾಯಿ ಲಕ್ಷ್ಮವ್ವ, ಅಣ್ಣ ಮಾಳಪ್ಪ ಬಂದರು. ಡಾಕ್ಟರು ತಿಳಿದವರು. ನನ್ನನ್ನೇ ಕೇಳಿದರು: "ಆ ಟಿವಿಯೊಳಗ ಬೆಳಕು ಪಟಪಟ ಬಡೀತಿತ್ತೇನ್ರಿ ಮಾಸ್ತರ? ಕೆಲವ್ರಿಗೆ ಅದರಿಂದ ಅಷ್ಟ ಫಿಟ್ಸ್ ಬರ್ತದ. ಹಂಗಿದ್ರ ಅದರಿಂದ ದೂರ ಇಟ್ರ ಸಾಕು."

"ಇಲ್ರಿ. ಕುರಿ ಓಡಾಕತ್ತಿದ್ವು, ಅಷ್ಟ."

ಮಂಚದ ಮೇಲಿಂದ ಬೀರಮ್ಮ, ನಾಲಿಗೆ ಕಚ್ಚಿ ಬಾತ ಬಾಯಿಂದ, "ಮಿಂಚು... ಮಿಂಚಿತ್ತು ಸರ್..." ಅಂದಳು. ನನ್ನ ಕಡೆಯೇ ನೋಡಿ ಅಂದಳು, ನಾನು ಹೌದೆನ್ನುತ್ತೇನೆಂದು.

"ಆಕಿಗೆ ನೆನಪು ಹಾರ್ಯಾದ್ರಿ," ಅಂದೆ.

ಲಕ್ಷ್ಮವ್ವ ಮಗಳ ಹಣೆ ಸವರಿ, "ಸುಮ್ನಿರವ್ವಾ, ಸರ್ ಸುಳ್ಳ ಹೇಳ್ತಾರೇನು" ಎಂದಳು.

ಮರುದಿನ ಸಾಹೇಬರು ಆಟ ಮತ್ತೆ ನೋಡಿದರು. ಕುರಿಗಳು ಮೆಲ್ಲಗೆ ಮೇಯುತ್ತಿದ್ದವು; ತೋಳ ಮೆಲ್ಲಗೆ ಬಂತು. "ನಿನ್ನೆ ಏನೋ ಬೆಳಕಿತ್ತಲ್ಲ?" ಎಂದರು. ಹೆಡ್ ಮಾಸ್ತರರು ನನ್ನ ಮುಖ ನೋಡಿದರು. "ಬ್ಯಾರೆ ಟಿವಿ ಸರ್, ಅದು ಕೆಟ್ಟಿತ್ತು," ಅಂದೆ. ಆ ವರ್ಷವೇ ನಾನು ಕಾಯಂ ಆದೆ.

ಬೀರಮ್ಮನ ಶಾಲೆ ಅಲ್ಲಿಗೆ ನಿಂತಿತು. ದಿನಾ ಗುಳಿಗೆ, ದಿನವಿಡೀ ಮಂಪರು. ದೇವದುರ್ಗದಲ್ಲಿ ಮಾತಾಗಿದ್ದ ಸಂಬಂಧದವರು ಸುದ್ದಿ ತಿಳಿದು ಹಿಂದೆ ಸರಿದರು. ಆಮೇಲೆ ಯಾರೂ ಕೇಳಿ ಬರಲಿಲ್ಲ. ಬಾವಿಗೆ ಕಳಿಸುವುದಿಲ್ಲ, ಒಲೆಯ ಹತ್ತಿರ ಬಿಡುವುದಿಲ್ಲ, ಒಬ್ಬಳನ್ನೇ ಮಲಗಿಸುವುದಿಲ್ಲ. ಮಾಳಪ್ಪನಿಗೆ ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಕೆಲಸ ಸಿಕ್ಕಿದಾಗ ಅವಳನ್ನೂ ಕರೆದೊಯ್ದ. ಆ ಒಂದು ದಿನ ಬಿಟ್ಟರೆ ಅವಳಿಗೆ ಮತ್ತೆಂದೂ ಫಿಟ್ಸ್ ಬರಲಿಲ್ಲ. ಗುಳಿಗೆಯ ಗುಣ ಎಂದರು ಎಲ್ಲರೂ.

ಇದೆಲ್ಲ ನನಗೆ ತಿಳಿಯುತ್ತಲೇ ಇತ್ತು. ಒಮ್ಮೆ ಪರೀಕ್ಷೆಯ ಕೆಲಸಕ್ಕೆ ಮಾನ್ವಿಗೆ ಹೋದಾಗ ದಾರಿಯಲ್ಲಿ ಎದುರಾದಳು, ಅತ್ತಿಗೆಯ ಹಿಂದೆ, ತಲೆ ತುಂಬ ಸೆರಗು ಹೊದ್ದು. "ಆರಾಮದೀರೇನ್ರಿ ಸರ್?" ಎಂದಳು. ಆರಾಮ ಎಂದೆ. ಅಷ್ಟೇ ಎಂದೆ...

ನಿವೃತ್ತನಾದ ಮೇಲೆ ಮಾನ್ವಿಗೆ ಹೋದೆ. ಯಾಕೆ ಅಷ್ಟು ತಡ? ಕಾಯಂ ಆದ ಮೇಲೆ ಕಳೆದುಕೊಳ್ಳುವ ಅಂಜಿಕೆ, ಆಮೇಲೆ ಮರ್ಯಾದೆ, ಆಮೇಲೆ ಬರೀ ರೂಢಿ. ಮಾಳಪ್ಪನ ಮನೆಯ ಪಡಸಾಲೆಯಲ್ಲಿ ಬೀರಮ್ಮ ಜೋಳ ಹಸನು ಮಾಡುತ್ತಿದ್ದಳು. ಕೂದಲು ಬೆಳ್ಳಗಾಗಿತ್ತು. ನಾನು ನಿಂತೇ ಎಲ್ಲ ಹೇಳಿದೆ. ಅವಳು ಮೊರ ಕೆಳಗಿಡಲಿಲ್ಲ.

"ನನಗ್ಯಾಕ ಹೇಳ್ತೀರಿ?" ಎಂದಳು. "ನನಗ ಗೊತ್ತದ. ನಾನು ಎಲ್ಲಾರಿಗೂ ಹೇಳಿದ್ದೆ. ನಂಬಲಾರದವ್ರಿಗೆ ಹೇಳ್ರಿ."

ಮಾಳಪ್ಪ ಗಿರಣಿಯಿಂದ ಬರುವ ತನಕ ಕೂತೆ. ಅವನಿಗೂ ಅವನ ಹೆಂಡತಿಗೂ ಹೇಳಿದೆ. ಅವನು ಹೊಡೆಯುತ್ತಾನೆಂದುಕೊಂಡೆ, ಹೊಡೆದಿದ್ದರೆ ಹಗುರಾಗುತ್ತಿತ್ತೇನೋ. ಅವನು ಗೋಡೆಗೆ ಒರಗಿ ಕೂತ.

"ಅವ್ವ ಸಾಯೋ ಹೊತ್ತಿನಾಗೂ ಈಕಿ ಕೈ ಹಿಡಕೊಂಡು ಅತ್ಲು," ಎಂದ. "ನನ್ನ ಹೊಟ್ಟಿ ದೋಷನ ನಿನಗ ಬಂತು ಮಗಳ ಅಂತ. ಆಕಿಗೆ ಹೆಂಗ ಹೇಳ್ತೀರ್ರಿ ಈಗ?"

ನಾನು ಹೊರಡಲು ಎದ್ದೆ.

ಬೀರಮ್ಮ ಎದ್ದು ಸೆರಗು ಸರಿಮಾಡಿಕೊಂಡಳು. "ಅರಕೇರಾದಾಗ ಇನ್ನ ಹೇಳೋದದ," ಎಂದಳು. "ನಾಳಿ ಮುಂಜಾನಿ ಬರ್ರಿ. ನಾನೂ ಬರ್ತೀನಿ."

ಮರುದಿನ ಅರಕೇರಾದ ಗುಡಿ ಕಟ್ಟೆಯ ಮುಂದೆ, ಅವಳ ಓಣಿಯವರೆಲ್ಲ ಕೂಡಿದ ಮೇಲೆ, ಹೇಳಿದೆ. ಅವಳು ನನ್ನ ಪಕ್ಕದಲ್ಲೇ ನಿಂತಿದ್ದಳು. ನಡುನಡುವೆ ನನ್ನ ದನಿ ಹೂತುಹೋಗುತ್ತಿತ್ತು. ಮುಗಿಸಿದಾಗ ಹಿಂದೆ ಕೂತ ಒಬ್ಬ ಮುದುಕಿ, ಕಿವಿ ಮಂದವಾದವಳು, ಪಕ್ಕದವಳನ್ನು ತಿವಿದು ಕೇಳಿದಳು: "ಏನಂತ ಹೇಳಿದ್ನವ್ವಾ ಮಾಸ್ತರ?"

ಪಕ್ಕದವಳು ಬಾಯಿ ತೆರೆಯುವಷ್ಟರಲ್ಲಿ ಬೀರಮ್ಮ ಕೈ ಎತ್ತಿ ತಡೆದಳು. ನನ್ನ ಕಡೆ ತಿರುಗಿದಳು.

"ಇನ್ನೊಮ್ಮಿ ಹೇಳ್ರಿ ಸರ್. ಜೋರಾಗಿ ಹೇಳ್ರಿ."

ಇನ್ನೊಮ್ಮೆ ಹೇಳಿದೆ.