ಮೂರು ಮೂಲೆ ಹೊಲಕ್ಕೊಂದು ಇಂಗ್ಲಿಷ್ ಪದ

ಮೇಷ್ಟ್ರು ಅಂದರೆ ನನಗೆ ಮೊದಲು ನೆನಪಾಗುವುದು ಅವರ ಪಾದಗಳು. ಹಿಮ್ಮಡಿ ಬಿರುಕು ಬಿಟ್ಟು, ಬೆರಳು ಊದಿಕೊಂಡು, ಬಿಸಿನೀರಿನ ಬೇಸಿನ್ನಿನಲ್ಲಿ ಮುಳುಗಿರುತ್ತಿದ್ದ ಪಾದಗಳು. ದೊಡ್ಡಬಳ್ಳಾಪುರದ ಕಾಲೇಜಿನಲ್ಲಿ ದಿನವಿಡೀ ನಿಂತು ಇಂಗ್ಲಿಷ್ ಪಾಠ ಮಾಡಿ, ದೇವನಹಳ್ಳಿಯವರೆಗೆ ಬಸ್ಸಿನಲ್ಲೂ ನಿಂತೇ ಬಂದು, ಸಂಜೆ ಉಪ್ಪು ಹಾಕಿದ ಬಿಸಿನೀರಿಗೆ ಕಾಲಿಡುತ್ತಿದ್ದರು. ಟ್ಯೂಷನ್ನಿಗೆ ಹೋದ ನಾವು ಆ ಬೇಸಿನ್ನಿನ ಸುತ್ತ ಚಾಪೆ ಹಾಸಿಕೊಂಡು ಕೂರುತ್ತಿದ್ದೆವು. ನೀರು ಆರುವ ತನಕ ಪಾಠ. ಆರಿದ ಮೇಲೆ, "ಸಾಕು ನಡೀರಪ್ಪಾ, ಇಂಗ್ಲಿಷ್‌ನೋರೂ ಇಷ್ಟೊತ್ತಿಗೆ ಮಲಗಿರ್ತಾರೆ" ಎನ್ನುತ್ತಿದ್ದರು.

ಈಗ ನಾನೂ ಇಂಗ್ಲಿಷ್ ಪಾಠ ಮಾಡುತ್ತೇನೆ. ಅತಿಥಿ ಉಪನ್ಯಾಸಕಿ. ವರ್ಷಗಳಿಂದ ಅತಿಥಿಯಾಗಿಯೇ ಇದ್ದೇನೆ, ಮನೆಗೆ ಬಂದ ನೆಂಟರಿಗಾದರೆ ಕುರ್ಚಿಯಾದರೂ ಸಿಗುತ್ತದೆ. ಸುಸ್ತು ಎಂದರೆ ಏನೆಂದು ಮೈಗೆ ಗೊತ್ತಾದ ಮೇಲೆಯೇ ಮೇಷ್ಟ್ರು ನನಗೆ ಅರ್ಥವಾಗತೊಡಗಿದ್ದು.

ಅವರು ಆವತಿ ಕಡೆಯ ರೈತರ ಮನೆತನದವರು. ಅಣ್ಣತಮ್ಮಂದಿರು ಭಾಗ ಮಾಡಿಕೊಂಡ ದಿನ ಇವರಿಗೆ ಕಾಲೇಜಿನಲ್ಲಿ ಪರೀಕ್ಷೆ ಕೆಲಸವಿತ್ತಂತೆ. ಸಂಜೆ ಊರಿಗೆ ಹೋಗುವಷ್ಟರಲ್ಲಿ ಚೌಕನೆಯ ಹೊಲಗಳೆಲ್ಲ ಉಳಿದವರ ಪಾಲಾಗಿದ್ದವು. ಗಾಡಿದಾರಿಗೂ ಕೆರೆಗೆ ನೀರು ಹೋಗುವ ಕಾಲುವೆಗೂ ನಡುವೆ ಸಿಕ್ಕಿಕೊಂಡ ಮೂರು ಮೂಲೆಯ ತುಂಡೊಂದು ಇವರಿಗೆ ಉಳಿದಿತ್ತು. "ನೀನು ಸಂಬಳದೋನು, ನಿಂಗೇನಪ್ಪಾ" ಎಂದರಂತೆ ಅಣ್ಣ. ಮೇಷ್ಟ್ರು ಜಗಳವಾಡಲಿಲ್ಲ. ಬಸ್ಸಿಗೆ ತಡವಾಗಿತ್ತು ಎಂದು ನಮಗೆ ಹೇಳಿದ್ದರು.

ಆ ಹೊಲದ ಚೂಪು ತುದಿಯಲ್ಲಿ ಟ್ರ್ಯಾಕ್ಟರು ತಿರುಗುವುದಿಲ್ಲ. ವಿಮಾನ ನಿಲ್ದಾಣ ಬಂದು ಸುತ್ತಮುತ್ತಲ ನೆಲವೆಲ್ಲ ಲೇಔಟಾದಾಗಲೂ ಅದನ್ನು ಕೊಳ್ಳುವವರಿರಲಿಲ್ಲ. ಕೊಳ್ಳುವ ಆಸೆಯವರು ಕಾರಿನಲ್ಲಿ ಬರುತ್ತಿದ್ದರು, ಮೊಬೈಲಿನಲ್ಲಿ ದಿಕ್ಕು ನೋಡುತ್ತಿದ್ದರು, "ವಾಸ್ತು ಬರಲ್ಲ ಸಾರ್" ಎಂದು ಕಾರು ಹತ್ತುತ್ತಿದ್ದರು. ಇನ್ನೊಂದು ಸೈಟು ಕೊಳ್ಳುವ ಶಕ್ತಿ ಮೇಷ್ಟ್ರಿಗೆ ಮೊದಲೂ ಇರಲಿಲ್ಲ, ನೆಲದ ಬೆಲೆ ಏರಿದ ಮೇಲಂತೂ ಆ ಮಾತೇ ಮುಗಿದುಹೋಯಿತು. ಮಕ್ಕಳಿಲ್ಲದ ಗಂಡ ಹೆಂಡತಿ ದೇವನಹಳ್ಳಿಯಲ್ಲಿ ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಸಾಗುತ್ತಾ ಬಂದರು. ಪ್ರತಿ ಸಲ ಮನೆ ಬದಲಿಸುವಾಗಲೂ ಅವರ ದಪ್ಪ ನಿಘಂಟನ್ನು ಹೊರುವುದು ನನ್ನ ಕೆಲಸವಾಗಿತ್ತು. ತಮ್ಮದೇ ಜಾಗದಲ್ಲಿ ಒಂದು ಸಣ್ಣ ಮನೆ ಕಟ್ಟಿಕೊಂಡು, ಸಾಮಾನು ಕಟ್ಟುವ ಯೋಚನೆಯಿಲ್ಲದೆ ಮಲಗಬೇಕು ಎಂಬುದೊಂದೇ ಮೇಷ್ಟ್ರ ಆಸೆ. ಅವರ ಹೆಂಡತಿ ಒಪ್ಪುತ್ತಿರಲಿಲ್ಲ.

ಆಕೆಯನ್ನು ನಾನು ಅಮ್ಮ ಎನ್ನುತ್ತೇನೆ. ಹೊಸಕೋಟೆ ಕಡೆಯವರು. ಗಟ್ಟಿ ಮಾತು, ಗಟ್ಟಿ ಸಾರು. ಮೂರು ಮೂಲೆಯ ಹೊಲದ ಮಾತೆತ್ತಿದರೆ ಮಾತ್ರ ಮುಖ ಬಾಡುತ್ತಿತ್ತು. ಅಲ್ಲಿ ಮನೆ ಕಟ್ಟುವುದು ಹಾಗಿರಲಿ, ಬದುವಿನ ಮೇಲೆ ಕಾಲಿಡಲೂ ಒಲ್ಲೆ ಎನ್ನುತ್ತಿದ್ದರು.

ಆ ಹೊಲಕ್ಕೊಂದು ಹೆಸರು ಹುಡುಕುತ್ತಾ ಮೇಷ್ಟ್ರಿಗೆ ನಿಘಂಟಿನಲ್ಲಿ ಸಿಕ್ಕ ಪದವೇ 'ಗೋರ್'. ಮೊದಲ ಸಲ ಅವರು ಅದನ್ನು ಹೇಳಿದಾಗ ನಾನು, "ರಕ್ತ ಅಂತಲ್ವಾ ಸಾರ್?" ಎಂದೆ.

"ಅದು ಬೇರೆ ಮನೆ ಹುಡುಗಿ ಕಣಮ್ಮಾ. ಹೆಸರು ಒಂದೇ, ಅಷ್ಟೇ. ಮೊದ್ಲು ಅದಕ್ಕೆ ಸಗಣಿ, ಕೊಳೆ ಅಂತ ಅರ್ಥ ಇತ್ತು, ಆಮೇಲೆ ಹೆಪ್ಪುಗಟ್ಟಿದ ರಕ್ತ ಅಂತಾಯ್ತು. ನಮ್ದು ಈಟಿ ವಂಶದ್ದು."

ಅಂದು ಬೇಸಿನ್ನಿನ ನೀರು ಆರಿದರೂ ಅವರು ನಿಲ್ಲಿಸಲಿಲ್ಲ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಈಟಿಗೆ 'ಗಾರ್' ಎನ್ನುತ್ತಿದ್ದರಂತೆ. ಈಟಿಯ ಮೊನೆಯಂತಿರುವ ನೆಲ 'ಗಾರ'. ಅಲ್ಲಿಯ ರೈತರೂ ಹೊಲವನ್ನು ಪಟ್ಟಿ ಪಟ್ಟಿಯಾಗಿ ಉಳುತ್ತಿದ್ದರು, ಕೊನೆಗೆ ಸೊಟ್ಟ ಬದುವಿನ ಪಕ್ಕ ಇಂಥದೇ ಒಂದು ತುಂಡು ಉಳಿಯುತ್ತಿತ್ತು, ಆ ಉಳಿಕೆಗೇ ಗೋರ್ ಎಂಬ ಹೆಸರು ನಿಂತಿತು. ಆಮೇಲೆ ದರ್ಜಿಗಳು ಪದವನ್ನು ಎತ್ತಿಕೊಂಡರು. ಲಂಗದ ಘೇರು ಅಗಲವಾಗಲು ನಡುನಡುವೆ ಸೇರಿಸುವ ಮೂರು ಮೂಲೆಯ ಬಟ್ಟೆಯೂ ಗೋರ್. ಕೊಡೆಯ ಒಂದೊಂದು ತುಂಡೂ ಗೋರ್. ಕಾಗದವನ್ನು ಮೊನಚಾಗಿ ಕತ್ತರಿಸಿ ಗೋಳದ ಮೇಲೆ ಅಂಟಿಸಿ ಭೂಪಟ ಮಾಡುತ್ತಾರಲ್ಲ, ಆ ಕಾಗದವೂ ಗೋರ್. ಇನ್ನೊಂದು ದಿನ ಬಸ್ಸಿನ ಕಿಟಕಿಯಿಂದ ಹೆದ್ದಾರಿ ತೋರಿಸಿದರು. ವಿಮಾನ ನಿಲ್ದಾಣದ ರಸ್ತೆ ಕವಲೊಡೆಯುವಲ್ಲಿ ಬಿಳಿ ಪಟ್ಟಿ ಬಳಿದ ತ್ರಿಕೋನವಿರುತ್ತದೆ, ಯಾವ ಗಾಡಿಯೂ ಅಲ್ಲಿ ನಿಲ್ಲಬಾರದು. "ಎಂಜಿನಿಯರುಗಳೂ ಅದನ್ನ ಗೋರ್ ಅಂತಲೇ ಅಂತಾರೆ. ಯಾರಿಗೂ ಬೇಡದ ಜಾಗಕ್ಕೆ ಎಷ್ಟು ಹಳೇ ಹೆಸರು ನೋಡು" ಎಂದರು.

ಇದೆಲ್ಲ ನಮಗಾಗಿ ಹೇಳುತ್ತಿದ್ದ ಪಾಠವಲ್ಲ, ಒಳಗೆ ಅಡುಗೆಮನೆಗೆ ಕೇಳಿಸಲಿ ಎಂದು ಗಟ್ಟಿಯಾಗಿ ಹೇಳುತ್ತಿದ್ದುದು. ವಾಸ್ತುವಿಗೆ ಹೆದರಿದ ಹೆಂಡತಿಯನ್ನು ನಿಘಂಟಿನಿಂದ ಒಪ್ಪಿಸಲು ಹೊರಟ ಗಂಡ ಈ ಸೀಮೆಯಲ್ಲಿ ಅವರೊಬ್ಬರೇ ಇರಬೇಕು.

ಒಂದು ಭಾನುವಾರ ಅಮ್ಮ ಜಗಲಿಯ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಮೇಷ್ಟ್ರು ಪಕ್ಕಕ್ಕೆ ಬಂದು, "ಅದು ಕೂಡ ನಮ್ಮ ಗೋರ್ ನೆಂಟನೇ ಕಣೇ. ಗಾರ್ಲಿಕ್ ಅಂದ್ರೆ ಈಟಿ ಈರುಳ್ಳಿ ಅಂತ. ದಿನಾ ತಿಂತಿದೀಯ, ಏನಾದ್ರೂ ಆಗಿದೆಯಾ?" ಎಂದರು.

"ಹಂಗಾದ್ರೆ ಬೆಳ್ಳುಳ್ಳಿ ಮೇಲೇ ಮನೆ ಕಟ್ಟಿಸಿ, ಬರ್ತೀನಿ" ಎಂದರು ಅಮ್ಮ, ತಲೆ ಎತ್ತದೆ. "ಅವ್ರು ಹೊಲಕ್ಕೂ ಲಂಗಕ್ಕೂ ಒಂದೇ ಹೆಸರಿಟ್ಟವ್ರೆ ಅಂತ ನಾನು ಅಲ್ಲಿ ಹೋಗಿ ಮಲಗೋಕಾಯ್ತದಾ? ಹೆಸರು ಕೇಳಿದ್ರೇ ಘೋರ ಅಂದಂಗೈತೆ."

ನಾನು ನಕ್ಕೆ, ಮೇಷ್ಟ್ರೂ ನಕ್ಕರು. ಅವರು ಒಳಗೆ ಹೋದ ಮೇಲೆ ಅಮ್ಮ ಸಿಪ್ಪೆ ಗುಡ್ಡೆ ಮಾಡುತ್ತಾ ನನ್ನೊಡನೆ ಮಾತಾಡಿದರು. ಅವರ ಅಪ್ಪ ಹೊಸಕೋಟೆಯಲ್ಲಿ ಇಂಥದೇ ಜಾಗದಲ್ಲಿ, ಎಲ್ಲರೂ ಬೇಡ ಅಂದರೂ ಕೇಳದೆ, ಮನೆ ಕಟ್ಟಿಸಿದ್ದರಂತೆ. ಹೊಸ ಮನೆಯಲ್ಲಿ ಮೊದಲ ಯುಗಾದಿಯನ್ನೂ ಕಾಣಲಿಲ್ಲ. "ಮೂರು ಮೂಲೆ ಜಾಗ ಮನೆ ಯಜಮಾನನ್ನೇ ತಿನ್ನೋದು ಕಣವ್ವಾ. ನಮ್ಮವ್ವ ಆಮೇಲೆ ಬದುಕಿದ್ದನ್ನ ನಾನು ನೋಡಿವ್ನಿ. ಬಾಡಿಗೆ ಮನೆ ಆದ್ರೇನು, ಇವ್ರು ಸಂಜೆ ಬಂದು ಕಾಲು ನೀರಿಗಿಡ್ತಾರಲ್ಲ, ನಂಗಷ್ಟು ಸಾಕು."

ಈ ಮಾತು ಮೇಷ್ಟ್ರಿಗೂ ಗೊತ್ತಿತ್ತು. ನಿವೃತ್ತಿಯಾದ ವರ್ಷ ಮತ್ತೊಂದು ಮನೆ ಖಾಲಿ ಮಾಡಬೇಕಾಗಿ ಬಂತು. ನಾನು ನಿಘಂಟು ಎತ್ತಿಕೊಂಡು ಆಟೋಗೆ ಕಾಯುತ್ತಿದ್ದಾಗ, ಈ ಸಲವಾದರೂ ಅಮ್ಮನನ್ನು ಒಪ್ಪಿಸಬಾರದಿತ್ತೇ ಎಂದು ಕೇಳಿದೆ. ಅವರು ಗೋಡೆಗೆ ಒರಗಿ ನಿಂತಿದ್ದರು.

"ಅವಳು ಹೆದರಿರೋದು ನನಗೋಸ್ಕರ. ಅದಕ್ಕೆ ಯಾವ ಅರ್ಥ ಹೇಳಿ ಬಿಡಿಸ್ಲಿ? ಬಿಡು, ಸಾಕಾಯ್ತು."

ಅದಾದ ಮೇಲೆ ಅಡುಗೆಮನೆಗೆ ಕೇಳಿಸುವಂತೆ ಆ ಪದವನ್ನು ಅವರು ಹೇಳಲಿಲ್ಲ. ನನಗೆ ಮಾತ್ರ ಆಗಾಗ ಫೋನು ಮಾಡಿ, ಹಡಗಿನ ಹಾಯಿಯಲ್ಲೂ ಗೋರ್ ಇದೆಯಂತೆ ಎಂದೋ, ಹಳೇ ರಾಜಮನೆತನಗಳ ಗುರಾಣಿಯ ಮೇಲೂ ಅದರ ಚಿತ್ರವಿದೆಯಂತೆ ಎಂದೋ ಹೇಳುತ್ತಿದ್ದರು. ಪಾಠ ಮಾಡಿ ಗಂಟಲು ಒಣಗಿದ್ದ ನಾನು ಹೂಂಗುಟ್ಟುತ್ತಿದ್ದೆ. ಆದರೆ ಫೋನು ಇಟ್ಟ ಮೇಲೆ ಮೈಯ ಭಾರ ಕೊಂಚ ಇಳಿದಿರುತ್ತಿತ್ತು. ಒಂದು ಪದವನ್ನು ಇಷ್ಟು ದೂರ ಹಿಂಬಾಲಿಸಬಹುದು ಎಂಬುದನ್ನು ನಾನು ಅವರಿಂದಲೇ ಕಲಿತೆ. ಇಂದಿಗೂ ಬೆಳಿಗ್ಗೆ ಎರಡು ಬಸ್ಸು ಬದಲಿಸಿ ತರಗತಿಗೆ ಹೋಗಲು ನನಗಿರುವ ಕಾರಣ ಬಹುಶಃ ಅದೊಂದೇ.

ಹೋದ ವರ್ಷ ಒಂದು ಮಧ್ಯಾಹ್ನ ಊಟ ಮಾಡಿ ಚಾಪೆಯ ಮೇಲೆ ಒರಗಿದ ಮೇಷ್ಟ್ರು ಏಳಲಿಲ್ಲ. ನಾನು ಹೋಗುವಷ್ಟರಲ್ಲಿ ಮನೆಯ ಮಾಲೀಕರು ಮಹಡಿಯಿಂದ ಇಳಿದು ಬಾಗಿಲಲ್ಲಿ ಕೈಮುಗಿದು ನಿಂತಿದ್ದರು. ಕೆಟ್ಟವರೇನಲ್ಲ. "ತಪ್ಪು ತಿಳ್ಕೋಬೇಡಿ ಅಮ್ಮಾ. ಮಗಳ ಮದ್ವೆ ಇಟ್ಕೊಂಡಿದೀವಿ. ಇಲ್ಲಿ ಇಟ್ಕೊಂಡು ಕಾರ್ಯ ಮಾಡೋದು ಬೇಡ, ಬೇರೆ ಕಡೆ..." ಎಂದು ನಿಲ್ಲಿಸಿದರು. ಊರಲ್ಲಿದ್ದ ಮೇಷ್ಟ್ರ ಅಣ್ಣನಿಗೆ ಫೋನು ಮಾಡಿದೆವು. ಅವರ ಮನೆ ಗೃಹಪ್ರವೇಶವಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಅಲ್ಲಿಯೂ ಆಗುವುದಿಲ್ಲವೆಂದರು. ನಾನು ಫೋನು ಹಿಡಿದುಕೊಂಡು ಇನ್ನಾರಿಗೆ ಮಾಡಲಿ ಎಂದು ನೋಡುತ್ತಿದ್ದೆ.

ಅಮ್ಮ ಗೋಡೆಯ ಪಕ್ಕದಿಂದ ಎದ್ದರು. ಕೋಣೆಯನ್ನು ಒಂದು ಸಲ ಸುತ್ತ ನೋಡಿದರು.

"ನಾಲ್ಕು ಮೂಲೆ ಮನೇಲೇ ಹೋದ್ರಲ್ಲಾ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಯಾರನ್ನೂ ಕೇಳ್ಬೇಡ. ಅವ್ರದ್ದೇ ಜಾಗ ಐತೆ. ಅಲ್ಲಿಗೆ ನಡೀರಿ."

ಮೂರು ಮೂಲೆಯ ಹೊಲದಲ್ಲಿ ಶಾಮಿಯಾನ ಹಾಕಿಸಿದೆವು. ಅಮ್ಮ ಚಪ್ಪಲಿ ಬಿಟ್ಟು ಬದು ದಾಟಿ ಒಳಗೆ ಬಂದರು. ಅದೇ ಮೊದಲ ಸಲ. ಮೇಷ್ಟ್ರನ್ನು ಎಲ್ಲಿ ಮಲಗಿಸಬೇಕೆಂದು ಕೈತೋರಿಸಿದರು. ಅವರ ಕಡೆ ಹೊಲದಲ್ಲೇ ಮಣ್ಣು ಮಾಡುವುದು ಪದ್ಧತಿ. ಕಾಲುವೆಯ ಬದಿಗೆ, ಅಗಲವಾದ ಕಡೆಯಲ್ಲಿ ಮಾಡಿದೆವು.

ಹನ್ನೊಂದನೆಯ ದಿನದ ಕಾರ್ಯ ಮುಗಿದು ಜನ ಎಲೆ ಎತ್ತುತ್ತಿದ್ದಾಗ, ಮುಂದೆ ಎಲ್ಲಿರುತ್ತೀರಿ ಎಂದು ಅಮ್ಮನನ್ನು ಕೇಳಿದೆ. ನನ್ನ ಮನೆಗೆ ಬನ್ನಿ ಎಂದೂ ಕರೆದೆ. ಅವರು ಹೊಲದ ಚೂಪು ತುದಿಯ ತನಕ ನಡೆದುಹೋಗಿ, ಅಲ್ಲಿಂದ ಇತ್ತ ತಿರುಗಿ ಅಳತೆ ನೋಡುವವರಂತೆ ನಿಂತರು. ನಾನು ಹತ್ತಿರ ಹೋದೆ.

"ಒಂದು ರೂಮು, ಒಂದು ಬಚ್ಚಲು ಸಾಕು. ಗಾರೆಯವ್ರು ಯಾರಾದ್ರೂ ಗೊತ್ತಿದ್ರೆ ಹೇಳು" ಎಂದರು.

"ಇಲ್ಲೇನಮ್ಮಾ? ನಿಮಗೆ ಭಯ ಇತ್ತಲ್ಲ."

ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಯಜಮಾನನ್ನ ತಿನ್ನುತ್ತೆ ಅಂತ ಭಯ ಇತ್ತು ಕಣವ್ವಾ. ಇನ್ನು ತಿನ್ನೋಕೆ ಯಾರವ್ರೆ?"