ಮಣಿ ಕೈಗೆ ಬರುವ ತನಕ

ಇಮಾಮ ಚಾಚಾ ಯಾವ ಖಾನೆಗೂ ಕೈ ಹಾಕುವ ಮೊದಲು ಹೆಬ್ಬೆರಳಿನಿಂದ ಬೆರಳಗೆಣ್ಣುಗಳನ್ನು ಮುಟ್ಟುತ್ತ ಹೋಗುತ್ತಿದ್ದರು. ತುಟಿಗಳು ಅಲುಗುತ್ತಿದ್ದವು, ದನಿ ಇರುತ್ತಿರಲಿಲ್ಲ. ದೇವರ ಹೆಸರು ಹೇಳುತ್ತಿದ್ದಾರೆಂದು ಹೊಸಬರು ಕೈ ಕಟ್ಟಿ ನಿಲ್ಲುತ್ತಿದ್ದರು. ಅವರು ಎಣಿಸುತ್ತಿದ್ದುದು ಅಳಲೆಕಾಯಿಯ ಹೆಸರನ್ನೋ, ಜೇಷ್ಠಮಧುವಿನ ಹೆಸರನ್ನೋ.

ಸವಣೂರಿನ ಪೇಟೆಯಲ್ಲಿ ಅವರದು ನಾರುಬೇರಿನ ಔಷಧದ ಅಂಗಡಿ, ಪಕ್ಕದಲ್ಲೇ ನಮ್ಮ ವೀಳ್ಯದೆಲೆ ಅಂಗಡಿ. ನಯಾಪೈಸೆ ಹೊಸದಾಗಿ ಬಂದು ಎಲ್ಲರ ತಲೆ ಕೆಡಿಸಿದ್ದ ಕಾಲ. ಗಂಡ ಎಲೆತೋಟಕ್ಕೆ ಹೋದರೆ ವ್ಯಾಪಾರಕ್ಕೆ ನಾನೇ ಕೂಡುತ್ತಿದ್ದೆ. ಚಾಚಾನ ಗೋಡೆಯ ತುಂಬ ಮೊಳದಷ್ಟು ಆಳದ ಮರದ ಖಾನೆಗಳು. ಒಂದಕ್ಕೂ ಹೆಸರಿನ ಚೀಟಿ ಇಲ್ಲ. ಔಷಧದ ಹೆಸರಿನ ಅಕ್ಷರಕ್ಕೊಂದು ಅಂಕಿ. ಎಲ್ಲ ಕೂಡಿಸಿ, ಬಂದ ಮೊತ್ತದಷ್ಟು ಖಾನೆಗಳನ್ನು ಎಣಿಸುತ್ತ ಸುತ್ತಿ ಬಂದರೆ ಲೆಕ್ಕ ಎಲ್ಲಿ ನಿಲ್ಲುತ್ತದೋ ಅಲ್ಲಿ ಆ ಔಷಧ. ಅವರಪ್ಪ ಕಲಿಸಿದ ಲೆಕ್ಕವಂತೆ.

"ಎರಡು ಹೆಸರು ಒಂದ ಖಾನೇಕ ಬಂದ್ರ ಏನ್ ಮಾಡ್ತೀರಿ?" ಎಂದು ಕೆಣಕಿದ್ದೆ.

"ಬರತಾವವ್ವಾ. ಒಬ್ಬಾವಗ ಇಬ್ರು ಹೆಂಡ್ರು ಇರಂಗಿಲ್ಲೇನು? ಒಂದರ ಹಿಂದ ಒಂದು ಕುಂಡ್ರಸ್ತೇನಿ. ಜಗಳಾ ಇಲ್ಲ, ತಂಟೆ ಇಲ್ಲ."

ಹಾಗೆ ಹಿಂದೆ ಮುಂದೆ ಕೂತ ಬಟ್ಟೆಯ ಪೊಟ್ಟಣಗಳನ್ನು ಒಂದೇ ದಾರಕ್ಕೆ ಕಟ್ಟಿ, ದಾರದ ಕೊನೆಗೆ ಒಂದು ಕೆಂಪು ಮಣಿ ಪೋಣಿಸುತ್ತಿದ್ದರು. ವರ್ಷಕ್ಕೊಮ್ಮೆ, ಮಳೆ ಹಿಂದಾದ ಮೇಲೆ, ಎಲ್ಲ ಖಾನೆ ಖಾಲಿ ಮಾಡಿ ಔಷಧವನ್ನು ಬಿಸಿಲಿಗೆ ಹರವುತ್ತಿದ್ದರು. ಗುರುತು ಹತ್ತದ ಬೇರನ್ನು ನಾಲಗೆಯ ತುದಿಗೆ ಮುಟ್ಟಿಸಿ ನೋಡುವುದು ಅವರ ಚಟ. ಹಿಪ್ಪಲಿಯ ಘಾಟಿಗೆ ನಾನು ಸೀನಿ ಸೀನಿ ಬೈಯುತ್ತಿದ್ದೆ. ಅವರು ದಾರ ಎಳೆಯುವುದನ್ನು ಬಿಡುತ್ತಿರಲಿಲ್ಲ.

"ಕಣ್ಣಿಗೆ ಕಾಣವಲ್ದು ಅಂದ್ರ ಖಾಲಿ ಆತು ಅಂತಲ್ಲ. ಮಣಿ ಕೈಗೆ ಬರಬೇಕು. ಒಳಗ ಬಚನಾಗ ಐತಿ."

ಬಚನಾಗವೆಂದರೆ ವಿಷದ ಬೇರು. ಶುದ್ಧಿ ಮಾಡಿ ಚೂರೇ ಚೂರು ಕೊಟ್ಟರೆ ವಾತಕ್ಕೆ ಮದ್ದು, ಹಾಗೇ ತಿಂದರೆ ಸಾವು. ಅದರ ಹೆಸರು ಹೇಳುವಾಗ ಅವರ ದನಿ ತಾನಾಗಿ ಇಳಿಯುತ್ತಿತ್ತು. ಆ ಖಾನೆಯ ಮುಂದೆ ಹಾಯುವಾಗ ನಾನು ಸೆರಗು ಎಳೆದುಕೊಳ್ಳುತ್ತಿದ್ದೆ.

ಒಂದು ಸಲ ಅವರು ಕಣ್ಣಿನ ಪೊರೆ ತೆಗೆಸಲು ಹುಬ್ಬಳ್ಳಿಗೆ ಹೋದರು. ಅಂಗಡಿ ಅಣ್ಣನ ಮಗ ಬಾಬುವಿನ ಕೈಗೆ ಬಂತು. ಕೆಟ್ಟವನಲ್ಲ, ಆದರೆ ಮಹಾ ಗಡಿಬಿಡಿ. "ಈ ನಾರುಬೇರು ಯಾರಿಗೆ ಬೇಕಕ್ಕಾ? ಬತ್ತಾಸ ಮಾರ್ತೇನಿ ನೋಡು" ಎಂದು ಖಾನೆಗಳನ್ನು ಬರಿದು ಮಾಡಲು ನಿಂತ. ದಾರ ಎಳೆಯುವ ತಾಳ್ಮೆ ಅವನಿಗೆಲ್ಲಿ? ಮುಂದಿನ ಪೊಟ್ಟಣ ಹಿಡಿದು ದಾರವನ್ನು ಕತ್ತರಿಯಿಂದ ಕಚಕ್ಕನೆ ಕತ್ತರಿಸಿದ. ಹಿಂದೆ ಬರೀ ಕತ್ತಲೆ ಕಂಡಿತು. ಖಾಲಿಯಾಯಿತೆಂದು ಅದರ ಮೇಲೇ ಬತ್ತಾಸು ಸುರಿದ.

ಬತ್ತಾಸಿನ ವ್ಯಾಪಾರ ಶುರುವಾದ ದಿನವೇ ಚಾಚಾ ಬಸ್ಸಿಳಿದು ಬಂದರು. ಒಂದು ಕಣ್ಣಿಗೆ ಹಸಿರು ಬಟ್ಟೆ.

"ಮಣಿಗೋಳ ಎಲ್ಲಿ ಇಟ್ಟೀಯೋ?"

"ಯಾವ ಮಣಿ, ಚಾಚಾ?"

ಅವರ ಹೆಬ್ಬೆರಳು ಗೆಣ್ಣುಗಳ ಮೇಲೆ ಓಡಿತು. ಲೆಕ್ಕ ನಿಂತ ಖಾನೆಯೊಳಗೆ ತೋಳು ತುರುಕಿದರು. ಬಂದದ್ದು ಇಲಿ ಕಡಿದು ಹರಿದ ಪೊಟ್ಟಣ. ಬೇರಿನ ಪುಡಿಯೆಲ್ಲ ಬತ್ತಾಸಿಗೆ ಮೆತ್ತಿತ್ತು. ತಿರುಗಿದರೆ ನಮ್ಮ ಕಟ್ಟೆಯ ಮೇಲೆ ನನ್ನ ಮಗಳು ನಿಂಗಿ, ಗಲ್ಲ ಉಬ್ಬಿಸಿಕೊಂಡು ಕೂತಿದ್ದಾಳೆ.

ಚಾಚಾ ಹಾರಿ ಬಂದು ಅವಳ ಬಾಯಿಗೆ ಬೆರಳು ಹಾಕಿ ಬತ್ತಾಸು ತೆಗೆದರು. ತೆಗೆದದ್ದನ್ನು ತಮ್ಮ ನಾಲಗೆಯ ಮೇಲೆ ಇಟ್ಟುಕೊಂಡರು. ಅಯ್ಯೋ ಶಿವನೇ, ಬತ್ತಾಸು ಕರಗಲು ಎಷ್ಟು ಹೊತ್ತು!

"ನಾಲಿಗಿ ಜುಮ್ ಅಂತೈತಿ, ಬಚನಾಗನ. ಉಪ್ಪನೀರು ಕುಡಸು, ವಾಂತಿ ಮಾಡಸು! ಬಾಬು, ಇನ್ನ ಯಾರ್ಯಾರಿಗೆ ಕೊಟ್ಟೀ?"

ಬಾಬು ಅಳುತ್ತ ಮೂರು ಮನೆಯ ಹೆಸರು ಹೇಳಿ ಡಾಕ್ಟರನ್ನು ಕರೆಯಲು ಓಡಿದ.

"ಮೊದಲ ನೀವು ಬಾಯಿ ತೊಳಕೋರಿ, ಚಾಚಾ!" ಎಂದು ಚೀರಿದೆ.

"ಮೊದಲ ಮಕ್ಕಳು," ಎಂದು ಅವರು ಓಣಿಗೆ ಇಳಿದೇಬಿಟ್ಟರು.

ನಿಂಗಿ ಕಾರಿಕೊಂಡು ಕಾರಿಕೊಂಡು ಸುಸ್ತಾಗಿ, ಕೊನೆಗೆ ಜೋರಾಗಿ ಅತ್ತಳು. ಆ ಅಳು ಕೇಳಿ ನನಗೆ ಹೋದ ಉಸಿರು ಬಂತು. ಅಷ್ಟರಲ್ಲಿ ಚಾಚಾ ಗೋಡೆ ಹಿಡಿದು ಹಿಡಿದು ಬಂದರು. ಕೈಯಲ್ಲಿ ಗಂಟು ಕಟ್ಟಿದ ವಸ್ತ್ರ. ಒಂದು ಮನೆಯಲ್ಲಿ ಸಂಜೆಯ ಪೂಜೆಗೆ, ಇನ್ನೆರಡರಲ್ಲಿ ಫಾತಿಹಾ ಓದಿಸಿ ಹಂಚಲು ಎತ್ತಿಟ್ಟಿದ್ದರಂತೆ, ಯಾರೂ ಬಾಯಿಗೆ ಹಾಕಿರಲಿಲ್ಲ.

ನಮ್ಮ ಕಟ್ಟೆಗೆ ಒರಗಿ ಕೂತರು. ತುಟಿ ಹೇಳಿದ ಮಾತು ಕೇಳುತ್ತಿರಲಿಲ್ಲ, ನಾಲಗೆ ತೊದಲುತ್ತಿತ್ತು. ನಿಂಗಿಯನ್ನು ನೋಡಿ, ನನ್ನನ್ನು ನೋಡಿ, ವಸ್ತ್ರವನ್ನು ನನ್ನ ಕಡೆ ಸರಿಸಿದರು.

"ಎಲ್ಲಾ ತಂದೇನವ್ವಾ. ಈಗ ಅನ್ನು, ಖಾಲಿ ಆತು ಅಂತ."

ಡಾಕ್ಟರು ಬಂದು ನಾಡಿ ಹುಡುಕಿ ಕೈ ಕೆಳಗಿಟ್ಟಾಗ ಚಾಚಾನ ಹೆಬ್ಬೆರಳು ಕಿರುಬೆರಳಿನ ಕೊನೆಯ ಗೆಣ್ಣಿನ ಮೇಲೆ ನಿಂತಿತ್ತು.